ಆಸ್ಪತ್ರೆ ಸ್ಟಾಪಿಗೆ ಹನ್ನೊಂದು ಹಂಪ್

ಟಿಣ್.

ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ತೋರುಬೆರಳಿನ ಉಗುರು ಒಮ್ಮೆ ಬಿದ್ದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಸ್ಸಿನ ಇಂಜಿನ್, ಹಿಂದಿನ ಸೀಟಿನಲ್ಲಿ ಯಾರದೋ ಕೆಮ್ಮು, ಕಂಡಕ್ಟರನ ಸೀಟಿ. ಅದನ್ನು ಮರೆತೇಬಿಟ್ಟೆ ಅನ್ನುವಷ್ಟರಲ್ಲಿ ಮತ್ತೆ, ಟಿಣ್. ಈಗ ನನ್ನ ಕಿವಿ ಅರ್ಧಕ್ಕರ್ಧ ಮಂದವಾಗಿದೆ, ಪಕ್ಕದ ಕೋಣೆಯಲ್ಲಿ ಕುಕ್ಕರ್ ಕೂಗಿದರೂ ತಂಗಿಯೇ ಬಂದು ಹೇಳಬೇಕು. ಆದರೆ ಆ ಸದ್ದು ಮಾತ್ರ ನಿಚ್ಚಳವಾಗಿ ಉಳಿದುಕೊಂಡಿದೆ. ಅದನ್ನು ನಿಲ್ಲಿಸಲು ಒಂದು ಕಾಲದಲ್ಲಿ ನಾನು ಎಷ್ಟು ಶ್ರಮಪಟ್ಟೆ ಎಂದು ನೆನೆದರೆ ನಾಚಿಕೆಯಾಗುತ್ತದೆ. ಆದರೂ ಇದು ನಾಚಿಕೆಯ ಕತೆಯಲ್ಲ. ಐ ಆಮ್ ಪ್ರೌಡ್ ಆಫ್ ಇಟ್. ಹಾಗೆಂದು ಬರೆದುಬಿಟ್ಟೇ ಮುಂದುವರಿಯುತ್ತೇನೆ.

ಡಬ್ಬಿಯ ಒಡತಿಗೆ ಆಗ ಇಪ್ಪತ್ತಾರು ವರ್ಷ. ಅವಳ ಹೆಸರು ಬರೆಯುವುದಿಲ್ಲ, ಬರೆದರೆ ಸಾಗರ ಪೇಟೆಯ ಅರ್ಧ ಜನಕ್ಕೆ ಯಾರೆಂದು ತಿಳಿಯುತ್ತದೆ. ಹೊಸನಗರ ರಸ್ತೆಯ ಬದಿಯ ಒಂದು ಊರಿನವಳು. ಆಟಿಸಂ ಇತ್ತು, ಜೊತೆಗೆ ಕಲಿಕೆಯ ತೊಂದರೆಯೂ ಇತ್ತು. ಓದಲು ಬಾರದು. ದಿನಕ್ಕೆ ಹತ್ತಿಪ್ಪತ್ತು ಮಾತಾಡಿದರೆ ಹೆಚ್ಚು. ಸೀಟಿಯ ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ಮುದುರಿಕೊಳ್ಳುತ್ತಿದ್ದಳು. ಆದರೆ ಅವಳ ಬೆರಳ ತುದಿಯಲ್ಲಿ ಒಂದು ವಿದ್ಯೆಯಿತ್ತು. ಸಾಗರದ ಗುಡಿಗಾರರ ಕೆತ್ತನೆ ಶೆಡ್ಡೊಂದರಲ್ಲಿ ಅವಳು ಸ್ಯಾಂಡ್‌ಪೇಪರ್ ಹಿಡಿದು ಮರ ಉಜ್ಜುವ ಕೆಲಸ ಮಾಡುತ್ತಿದ್ದಳು. ಮೊದಲು ಒರಟು ಕಾಗದ, ಆಮೇಲೆ ಮಧ್ಯಮ, ಕೊನೆಗೆ ನಯ. ಶೆಡ್ಡಿನ ಯಜಮಾನರು ಹೊಗಳಿಕೆಯ ಮನುಷ್ಯರಲ್ಲ. ಆದರೂ ಒಮ್ಮೆ ಗಣಪತಿಯ ಹೊಟ್ಟೆಯ ಮೇಲೆ ಕೈಯಾಡಿಸುತ್ತಾ ನನಗೆ ಹೇಳಿದ್ದರು, "ನಲವತ್ತು ವರ್ಷ ಉಳಿ ಹಿಡ್ದಿದೀನಿ ಟೀಚರ್. ನನ್ ಕೈಗೆ ಸಿಗ್ದೇ ಇದ್ದ ಗೀರು ಅವಳ ಕೈಗೆ ಸಿಗ್ತದೆ. ಎಂತ ಹೇಳೋದು ಇದಕ್ಕೆ?"

ಎಂಟು ತಿಂಗಳಿಂದ ಅವಳ ತಾಯಿ ಅವಳನ್ನು ದಿನವೂ ಬಸ್ಸಿನಲ್ಲಿ ಕರೆತಂದು, ಸಂಜೆಯವರೆಗೆ ಶೆಡ್ಡಿನ ಬೆಂಚಿನ ಮೇಲೆ ಕೂತು, ಮತ್ತೆ ಕರೆದೊಯ್ಯುತ್ತಿದ್ದರು. ತಂದೆ ಇರಲಿಲ್ಲ. ಆ ತಾಯಿಯ ಎರಡೂ ಮಂಡಿಗಳು ಸವೆದುಹೋಗಿದ್ದವು. ಬಸ್ಸಿನ ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚಿ ಹತ್ತುತ್ತಿದ್ದರು. ದಸರಾ ಕಳೆದ ಮೇಲೆ ಶಿವಮೊಗ್ಗದಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ಆಮೇಲೆ ಆರು ತಿಂಗಳು ಬಸ್ಸಿನ ಮಾತೇ ಇಲ್ಲ.

"ಅಷ್ಟರೊಳಗೆ ಇವಳು ಒಬ್ಳೇ ಹೋಗಿಬರೋ ಹಂಗಾದ್ರೆ ಸರಿ ಟೀಚರ್. ಇಲ್ದಿದ್ರೆ ಕೆಲ್ಸ ಬಿಡ್ಸೋದೇ. ಮತ್ತೆ ಅದೇ ಕೋಣೆ, ಅದೇ ಗೋಡೆ" ಎಂದರು ತಾಯಿ.

ಆ ಕೋಣೆಯನ್ನು ನಾನು ನೋಡಿದ್ದೆ. ಕೆಲಸ ಸಿಗುವ ಮುಂಚೆ ಅವಳು ಏಳು ವರ್ಷ ಅಲ್ಲಿ ಕೂತು ಗೋಡೆಯನ್ನು ಬೆರಳಿನಿಂದ ಉಜ್ಜಿ ಉಜ್ಜಿ, ಒಂದು ಮೂಲೆಯ ಗಾರೆ ಗಾಜಿನ ಹಾಗೆ ಹೊಳೆಯುತ್ತಿತ್ತು.

ಅದು ಏಪ್ರಿಲ್ ತಿಂಗಳು. ನನ್ನ ಕೈಯಲ್ಲಿ ಆರು ತಿಂಗಳಿದ್ದವು. ಇಂಥವರಿಗೆ ಕಲಿಸುವ ನಮ್ಮ ಪುಟ್ಟ ಸೆಂಟರಿನಲ್ಲಿ ಟ್ರಾವೆಲ್ ಟ್ರೈನಿಂಗ್, ಅಂದರೆ ಒಬ್ಬರೇ ಓಡಾಡುವುದನ್ನು ಕಲಿಸುವ ಕೆಲಸ, ಯಾರೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಶಾಲೆಯಿಂದ ರಿಟೈರಾದ ಮೇಲೆ ಈ ಕೆಲಸ ಕಲಿತವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಒಂದೇ ಸೂತ್ರ, ವೆಲ್ ಬಿಗನ್ ಈಸ್ ಹಾಫ್ ಡನ್. ಹಾಗಾಗಿ ಅಚ್ಚುಕಟ್ಟಾಗಿಯೇ ಶುರುಮಾಡಿದೆ.

ಮೊದಲ ವಾರ ಬರೀ ನೋಡಿದ್ದು. ತಾಯಿ-ಮಗಳ ಹಿಂದಿನ ಸೀಟಿನಲ್ಲಿ ಕೂತು, ಮನೆಯ ಬಾಗಿಲಿನಿಂದ ಶೆಡ್ಡಿನ ಬಾಗಿಲಿನವರೆಗೆ ಏನೇನು ನಡೆಯುತ್ತದೆ ಎಂದು ಬರೆದುಕೊಂಡೆ. ಅದನ್ನು ಇಪ್ಪತ್ತೆರಡು ಹೆಜ್ಜೆಗಳಾಗಿ ಒಡೆದೆ. ಚಪ್ಪಲಿ ಹಾಕು, ಗೇಟಿನ ಹೊರಗೆ ನಿಲ್ಲು, ಬಸ್ ಪೂರ್ತಿ ನಿಂತ ಮೇಲೆ ಹತ್ತು, ಪಾಸ್ ತೋರಿಸು, ಹೀಗೆ. ಇಂಗ್ಲಿಷಿನಲ್ಲಿ ಇದಕ್ಕೆ ಟಾಸ್ಕ್ ಅನಾಲಿಸಿಸ್ ಎನ್ನುತ್ತಾರೆ. ಪ್ರತಿ ಹೆಜ್ಜೆಯ ಮುಂದೆ ಮೂರರಲ್ಲಿ ಒಂದು ಗುರುತು: ತಾನೇ ಮಾಡಿದರೆ ಪ್ಲಸ್, ಯಾರಾದರೂ ಹೇಳಿ ಮಾಡಿಸಿದರೆ ಪಿ, ಮಾಡದಿದ್ದರೆ ಮೈನಸ್. ಕಲಿಸಲು ಶುರುಮಾಡಿದ್ದು ಕೊನೆಯ ಹೆಜ್ಜೆಯಿಂದ. ಶೆಡ್ಡಿನ ಹತ್ತಿರ ಬಂದು ತಾಯಿ ನಿಂತುಬಿಡುವುದು, ಕೊನೆಯ ಇಪ್ಪತ್ತು ಮಾರು ಅವಳೊಬ್ಬಳೇ ನಡೆಯುವುದು. ಅದು ಕೈಗೆ ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಹಿಂದಿನಿಂದ ಮುಂದಕ್ಕೆ ಹೆಣೆಯುತ್ತಾ ಬಂದರೆ ಪ್ರತಿಸಲವೂ ಗೆದ್ದೇ ಮುಗಿಯುತ್ತದೆ, ಅದರ ಗುಟ್ಟು ಅಷ್ಟೇ.

ಮೇ ತಿಂಗಳ ಕೊನೆಗೆ ಎಲ್ಲವೂ ಬಂತು, ಒಂದನ್ನು ಬಿಟ್ಟು. ಹದಿನೇಳನೆಯ ಹೆಜ್ಜೆ: ಆಸ್ಪತ್ರೆ ಸ್ಟಾಪಿನಲ್ಲಿ ಇಳಿಯುವುದು. ಕೆತ್ತನೆ ಶೆಡ್ ಇದ್ದದ್ದು ಬಸ್‌ಸ್ಟ್ಯಾಂಡಿಗಿಂತ ಎರಡು ಸ್ಟಾಪ್ ಮೊದಲು. ಯಾವಾಗ ಏಳಬೇಕು ಎಂದು ತಿಳಿಯಲು ನಾನೊಂದು ಉಪಾಯ ಮಾಡಿದೆ. ದಾರಿಯ ಗುರುತುಗಳ ಫೋಟೋ ತೆಗೆದು, ಲ್ಯಾಮಿನೇಟ್ ಮಾಡಿಸಿ, ರಿಂಗಿಗೆ ಪೋಣಿಸಿದೆ. ನೀಲಿ ನೀರಿನ ಟ್ಯಾಂಕ್, ಪೆಟ್ರೋಲ್ ಬಂಕ್, ದೊಡ್ಡ ಹಲಸಿನ ಮರ, ಆಸ್ಪತ್ರೆಯ ಕಮಾನು. ಒಂದೊಂದು ಕಂಡ ಹಾಗೆ ಒಂದೊಂದು ಕಾರ್ಡ್ ತಿರುಗಿಸುವುದು, ಕೊನೆಯ ಕಾರ್ಡ್ ಬಂದಾಗ ಏಳುವುದು. ಬ್ಯೂಟಿಫುಲ್ ಆಗಿತ್ತು. ಸೆಂಟರಿನಲ್ಲಿ ಎಲ್ಲರಿಗೂ ತೋರಿಸಿದೆ.

ಅವಳು ಕಾರ್ಡುಗಳನ್ನು ತಿರುಗಿಸುತ್ತಿದ್ದಳು, ನಾನು ಹೇಳಿದೆನೆಂದು. ಜೊತೆಗೆ ಆ ಡಬ್ಬಿ ಬಡಿಯುವುದೂ ನಡೆದೇ ಇತ್ತು. ತೊಡೆಯ ಮೇಲೆ ಊಟದ ಡಬ್ಬಿ, ಅದರ ಮೇಲೆ ಬೆರಳು, ಆಗೊಮ್ಮೆ ಈಗೊಮ್ಮೆ ಟಿಣ್. ಜನ ತಿರುಗಿ ನೋಡುತ್ತಿದ್ದರು. ನನ್ನ ಹಾಳೆಯ ಅಡಿಯಲ್ಲಿ ನಾನು ಬರೆದದ್ದು ಹೀಗೆ: 'ರಿಪಿಟಿಟಿವ್ ಟ್ಯಾಪಿಂಗ್. ಗಮನ ಕಾರ್ಡಿನಿಂದ ಆಚೆ ಹೋಗುತ್ತದೆ. ಕಡಿಮೆ ಮಾಡಿಸಬೇಕು.' ಕಡಿಮೆ ಮಾಡಿಸಲು ಒಂದು ಬಟ್ಟೆಚೀಲ ಹೊಲಿಸಿ ತಂದು, ಡಬ್ಬಿಯನ್ನು ಅದರೊಳಗಿಟ್ಟು, ಬಾಯಿಯ ದಾರವನ್ನು ಗಂಟು ಹಾಕಿದೆ. ಮೂರು ದಿನ ಅವಳು ಚೀಲದ ಮೇಲೆಯೇ ಬೆರಳಾಡಿಸಿದಳು. ಬಟ್ಟೆಯ ಮೇಲೆ ಸದ್ದು ಬರುವುದಿಲ್ಲವಲ್ಲ, ನಾಲ್ಕನೆಯ ದಿನ ಬಿಟ್ಟಳು. ನಾನು ಹಾಳೆಯಲ್ಲಿ ಪ್ಲಸ್ ಹಾಕಿಕೊಂಡೆ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು.

ನಮ್ಮ ಕಡೆಯ ಬಸ್ಸಿನಲ್ಲಿ ಮಳೆ ಹಿಡಿದರೆ ಏನಾಗುತ್ತದೆ ಎಂದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಧಡ್ ಧಡ್ ಎಂದು ಎಲ್ಲ ಕಿಟಕಿಗಳ ಶಟರ್ ಕೆಳಗೆ ಬಿದ್ದವು. ಒಳಗೆ ಹಗಲಲ್ಲೇ ಮಬ್ಬು, ಒದ್ದೆ ಕೊಡೆಗಳ ವಾಸನೆ. ಅವಳು ಕಾರ್ಡಿನ ರಿಂಗ್ ಕೈಯಲ್ಲಿ ಹಿಡಿದು, ಪಕ್ಕದ ತಗಡಿನ ಶಟರನ್ನು ನೋಡುತ್ತಾ ಕೂತಿದ್ದಳು. ನೀಲಿ ಟ್ಯಾಂಕ್ ಇಲ್ಲ, ಬಂಕ್ ಇಲ್ಲ, ಹಲಸಿನ ಮರ ಇಲ್ಲ. ಅರವತ್ತೆಂಟು ಮಳೆಗಾಲ ಕಂಡ ಹೆಂಗಸು ನಾನು, ಮೇ ತಿಂಗಳ ಬಿಸಿಲಿನಲ್ಲಿ ಕೂತು ಕಿಟಕಿಯಾಚೆ ನೋಡುವ ಪಾಠ ಮಾಡಿದ್ದೆ! ಬೇರೆ ಊರಿನವರು ಮಾಡಿದ್ದರೆ ನಗುತ್ತಿದ್ದೆ.

ಇಲ್ಲಿ ನಿಧಾನಿಸಬೇಕಿತ್ತು. ನಿಧಾನಿಸಲಿಲ್ಲ. ತಾಯಿಯ ಮಂಡಿ ನೋವು ಹೆಚ್ಚಾಗುತ್ತಿತ್ತು, ತಿಂಗಳುಗಳು ಓಡುತ್ತಿದ್ದವು. ಆಗ ನಾನು ಮಾಡಿದ್ದು ಮಲೆನಾಡಿನವರೆಲ್ಲ ಮಾಡುವ ಕೆಲಸ. ಕಂಡಕ್ಟರಿಗೆ ಹೇಳಿದೆ.

ನಾವು ಬಸ್ಸಿನ ಮೇಲೆ ಏನನ್ನು ಕಳಿಸುವುದಿಲ್ಲ? ತೀರ್ಥಹಳ್ಳಿಯ ತಂಗಿಗೆ ಉಪ್ಪಿನಕಾಯಿ ಜಾಡಿ, ಹೊಸನಗರದ ದೊಡ್ಡಪ್ಪನಿಗೆ ಬಿ.ಪಿ. ಮಾತ್ರೆ, ಮರೆತುಹೋದ ಕನ್ನಡಕ, ಬೀಗದ ಕೈ. 'ಇಂಥಲ್ಲಿ ಇಳಿಸಿಬಿಡು ಮಾರಾಯ, ಅಲ್ಲೊಬ್ಬರು ಬಂದು ತಗೊಳ್ತಾರೆ' ಎಂದರೆ ಮುಗಿಯಿತು, ಅದು ತಲುಪುತ್ತದೆ. ಆ ಬಸ್ಸಿನ ಕಂಡಕ್ಟರ್ ಒಳ್ಳೆಯ ಹುಡುಗ, ಬಾಯಿ ತುಂಬಾ ಮಾತು. "ನೀವ್ ತಲೆಬಿಸಿ ಮಾಡ್ಕೋಬೇಡಿ ಮೇಡಮ್ಮೋರೆ. ನನ್ ತಂಗಿ ಅಂತ ತಿಳ್ಕೊಂಡು ಇಳಿಸ್ತೀನಿ" ಎಂದ. ಅವಳಿಗೆ ಆಗುವುದಿಲ್ಲವೆಂದು ತಾನಾಗಿಯೇ ಸೀಟಿ ಊದುವುದನ್ನು ಬಿಟ್ಟು ಬಾಗಿಲಿನ ತಗಡು ತಟ್ಟತೊಡಗಿದ. ದಿನವೂ ಬುಟ್ಟಿ ಹೊತ್ತು ಸಾಗರಕ್ಕೆ ಹೋಗುವ ಹೂವಿನ ಹೆಂಗಸಿಗೂ ಹೇಳಿದೆ. ಅವರು ತಮ್ಮ ಪಕ್ಕದಲ್ಲೇ ಅವಳಿಗೆ ಜಾಗ ಹಿಡಿದಿಡತೊಡಗಿದರು.

ಜುಲೈಯಲ್ಲಿ ತಾಯಿ ಬಸ್ ಹತ್ತುವುದನ್ನು ನಿಲ್ಲಿಸಿದರು. ನಾನು ಬಸ್ಸಿನೊಳಗೆ ಕೂರುವುದನ್ನು ಬಿಟ್ಟು, ಆಸ್ಪತ್ರೆ ಸ್ಟಾಪಿನಲ್ಲಿ ಕೊಡೆ ಹಿಡಿದು ಕಾಯತೊಡಗಿದೆ. ಒಂಬತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಬಸ್ ಬರುವುದು, ಅವಳು ಇಳಿಯುವುದು, ನನ್ನ ಮುಂದೆಯೇ ಹಾದು ಶೆಡ್ಡಿನ ಕಡೆ ನಡೆಯುವುದು. ಸಂಜೆ ಯಜಮಾನರು ಬಸ್ ಹತ್ತಿಸುತ್ತಿದ್ದರು, ಗೇಟಿನ ಬಳಿ ತಾಯಿ ಕಾದು ಇಳಿಸಿಕೊಳ್ಳುತ್ತಿದ್ದರು. ಹದಿನೇಳನೆಯ ಹೆಜ್ಜೆಯ ಮುಂದೆ ಸಾಲಾಗಿ ಪ್ಲಸ್. ಹತ್ತೊಂಬತ್ತು ದಿನ, ಹತ್ತೊಂಬತ್ತು ಪ್ಲಸ್. ಬಸ್ಸಿನ ಒಳಗೆ ಏನು ನಡೆಯುತ್ತಿದೆ ಎಂದು ನಾನು ನೋಡಲೇ ಇಲ್ಲ.

ಇಪ್ಪತ್ತನೆಯ ದಿನ ನನಗೆ ಜ್ವರ, ಸ್ಟಾಪಿಗೆ ಹೋಗಿರಲಿಲ್ಲ. ಹತ್ತು ಗಂಟೆಗೆ ಶೆಡ್ಡಿನ ಯಜಮಾನರ ಫೋನ್ ಬಂತು. "ಟೀಚರ್, ಇವತ್ತು ಹುಡುಗಿ ರಜೆಯಾ?"

ಅವಳ ತಾಯಿಗೆ ಫೋನ್ ಮಾಡಿದರೆ, "ಎಂಟೂ ನಲವತ್ತಕ್ಕೆ ಹತ್ಸಿದೀನಲ್ಲ!" ಎಂದು ಕಿರುಚಿದರು. ಕಂಡಕ್ಟರಿಗೆ ಮಾಡಿದೆ. ಹಿಂದೆ ವಾಲಗದ ಸದ್ದು. "ನಾನಿವತ್ತು ಅಕ್ಕನ ಮದ್ವೇಲಿದೀನಿ ಮೇಡಮ್ಮೋರೆ, ಬಸ್ಸಲ್ಲಿ ಬದ್ಲಿ ಹುಡ್ಗ ಅದಾನೆ. ಅವಂಗೆ ಹೇಳೋದು ಮರ್ತೇ ಹೋಯ್ತಲ್ಲ!" ಹೂವಿನ ಹೆಂಗಸೂ ಅದೇ ಮದುವೆಗೆ ಹೂವು ಒಪ್ಪಿಸಲು ಹೋಗಿದ್ದರು.

ಅವಳು ಸಿಕ್ಕಿದ್ದು ಹನ್ನೊಂದೂವರೆಗೆ, ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ, ಅದೇ ಬಸ್ಸಿನ ಅದೇ ಸೀಟಿನಲ್ಲಿ. 'ಇಳಿ ತಂಗಿ' ಎಂದು ಯಾರೂ ಹೇಳಲಿಲ್ಲ, ಅವಳು ಇಳಿಯಲಿಲ್ಲ. ಬಸ್ ಸಾಗರದ ಸ್ಟ್ಯಾಂಡಿಗೆ ಹೋಯಿತು, ಅರ್ಧ ಗಂಟೆ ನಿಂತಿತು, ತಿರುಗಿ ಹೊರಟಿತು. ಬದಲಿ ಹುಡುಗ ಟಿಕೆಟ್ ಕೇಳಿದಾಗ ಪಾಸ್ ತೋರಿಸಿದಳು, ಹದಿಮೂರನೆಯ ಹೆಜ್ಜೆ, ಪ್ಲಸ್. ತನ್ನ ಊರು ದಾಟಿಯೂ ಹೋದಳು. ನಾನು ಆಟೋ ಮಾಡಿಕೊಂಡು ಹೋಗಿ ಬಸ್ ಹತ್ತಿದಾಗ ಅವಳ ಲಂಗ ಒದ್ದೆಯಾಗಿತ್ತು, ಎರಡೂ ಕೈ ಕಿವಿಯ ಮೇಲಿದ್ದವು. ಬದಲಿ ಹುಡುಗ ದಾರಿಯುದ್ದಕ್ಕೂ ಸೀಟಿ ಊದಿದ್ದ, ಅದರಲ್ಲಿ ಅವನ ತಪ್ಪೇನೂ ಇಲ್ಲ.

ಮನೆಗೆ ಕರೆದೊಯ್ದೆ. ತಾಯಿ ಅಳಲಿಲ್ಲ. ಮಗಳ ಬಟ್ಟೆ ಬದಲಿಸಿ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಹೇಳಿದರು:

"ನನ್ ಮಗಳಿಗೆ ಬಸ್ಸಲ್ಲಿ ಹೋಗೋದು ಕಲಿಸ್ತೀನಿ ಅಂದಿದ್ರಿ ಟೀಚರ್. ಕಲಿಸಿದ್ದೆಂತ? ಪಾರ್ಸಲ್ ಕಳ್ಸಿದ್ರಿ."

ಅಂದು ಮಧ್ಯಾಹ್ನ ಹಾಳೆಯನ್ನು ತೆಗೆದು, ಹತ್ತೊಂಬತ್ತು ಪ್ಲಸ್‌ಗಳ ಮೇಲೂ ಒಂದೊಂದಾಗಿ ಪಿ ಎಂದು ತಿದ್ದಿದೆ.

ಎರಡು ವಾರ ಎಲ್ಲವೂ ನಿಂತಿತು. ಯಜಮಾನರು ಅವಳ ಮಣೆಯ ಮೇಲೆ ಬೇರೆ ಯಾರನ್ನೂ ಕೂರಿಸಲಿಲ್ಲ, ಆದರೆ ಉಜ್ಜದ ಮೂರ್ತಿಗಳು ಸಾಲುಗಟ್ಟುತ್ತಿದ್ದವು. ಆಗಸ್ಟ್ ಶುರುವಾಗಿತ್ತು. ಕೆಲಸ ಬಿಡಿಸುವ ಮಾತನ್ನು ತಾಯಿಯ ಬಾಯಿಂದಲೇ ಕೇಳಿ ಮುಗಿಸೋಣವೆಂದು ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ.

ಎಂಟೂವರೆ. ಅವಳು ಸ್ನಾನ ಮಾಡಿ, ಜಡೆ ಹಾಕಿಸಿಕೊಂಡು, ಚಪ್ಪಲಿ ಹಾಕಿ ಜಗಲಿಯಲ್ಲಿ ನಿಂತಿದ್ದಳು.

"ದಿನಾ ಹಿಂಗೇ. ಎಷ್ಟ್ ಹೇಳಿದ್ರೂ ಕೇಳಲ್ಲ. ಬಸ್ಸು ಹೋದ್ಮೇಲೆ ಆ ಕುರ್ಚೀಲಿ ಕೂತು ಆಟ ಆಡ್ತಾಳೆ, ನೀವೇ ನೋಡಿ" ಎಂದರು ತಾಯಿ.

ಎಂಟು ನಲವತ್ತಕ್ಕೆ ಗೇಟಿನಾಚೆ ಬಸ್ ಹಾದುಹೋಯಿತು. ಅವಳು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ನಾನು ಹೊಲಿಸಿದ ಚೀಲದ ಗಂಟನ್ನು ಹಲ್ಲಿನಿಂದ ಬಿಚ್ಚಿ, ಡಬ್ಬಿ ಹೊರತೆಗೆದು ತೊಡೆಯ ಮೇಲಿಟ್ಟುಕೊಂಡಳು. ನಾನು ಎದುರಿನ ಕಟ್ಟೆಯಲ್ಲಿ ಕೂತೆ. ತಾಯಿ ಕಾಫಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಟಿಣ್. ಕಾಫಿ ಮುಗಿಯಿತು. ಟಿಣ್. ಆಮೇಲೆ ಬಹಳ ಹೊತ್ತು ಇಲ್ಲ. ಆಮೇಲೆ ಒಂದರ ಹಿಂದೆ ಒಂದು, ಎರಡು. ಅಭ್ಯಾಸಬಲದಿಂದ ನಾನು ಪುಸ್ತಕ ತೆಗೆದು ಗಡಿಯಾರ ನೋಡಿ ಬರೆಯತೊಡಗಿದೆ. ಹನ್ನೊಂದನೆಯದು ಬಿದ್ದಾಗ ಡಬ್ಬಿಯನ್ನು ಕೈಗೆತ್ತಿಕೊಂಡು ಎದ್ದಳು, ಎಡಕ್ಕೆ ಎರಡು ಹೆಜ್ಜೆ ಇಟ್ಟಳು, ಇಲ್ಲದ ಕಂಬಿಯನ್ನು ಹಿಡಿದು ನಿಂತಳು.

ಗಡಿಯಾರದಲ್ಲಿ ಒಂಬತ್ತು ಹದಿನಾಲ್ಕು.

ಹಿಂದಿನ ಹಾಳೆಗಳನ್ನು ನೋಡುವುದೇ ಬೇಡವಾಯಿತು, ಆ ಹೊತ್ತು ನನಗೆ ಬಾಯಿಪಾಠ. ಅದು ಆಟವಲ್ಲ. ಅವಳು ಮೂವತ್ತನಾಲ್ಕು ನಿಮಿಷದ ದಾರಿಯನ್ನು ಕುರ್ಚಿಯಲ್ಲಿ ಕೂತು ಪೂರ್ತಿ ಪ್ರಯಾಣ ಮಾಡಿದ್ದಳು. ಆದರೆ ಆ ಟಿಣ್ ಯಾತರದ್ದು?

ಮರುದಿನ ನಾನೊಬ್ಬಳೇ ಆ ಬಸ್ ಹತ್ತಿದೆ. ಅವಳ ಸೀಟಿನಲ್ಲಿ ಕೂತೆ, ತೊಡೆಯ ಮೇಲೆ ನನ್ನದೊಂದು ಸ್ಟೀಲ್ ಡಬ್ಬಿ. ಶಟರ್ ಮುಚ್ಚಿತ್ತು. ಕಣ್ಣನ್ನೂ ಮುಚ್ಚಿಕೊಂಡೆ. ಎರಡು ಮೂರು ನಿಮಿಷ ಕಳೆದಿರಬೇಕು, ಬಸ್ ನಿಧಾನಿಸಿ, ಮೂಗು ಎತ್ತಿ, ಹಿಂದಿನ ಚಕ್ರ ಧೊಪ್ ಎಂದು ಕುಸಿಯಿತು. ಡಬ್ಬಿ ತೊಡೆಯ ಮೇಲೆ ಹಾರಿತು. ಹಂಪ್! ಶಾಲೆಗಳ ಮುಂದೆ, ಊರುಗಳ ತಿರುವಿನಲ್ಲಿ ಹಾಕುತ್ತಾರಲ್ಲ, ಅದೇ. ಅವಳು ಹಂಪ್ ಎಣಿಸುತ್ತಿದ್ದಳು. ಮಳೆಯಿರಲಿ ಬಿಸಿಲಿರಲಿ, ಶಟರ್ ಮುಚ್ಚಿರಲಿ ತೆರೆದಿರಲಿ, ಕೆಡದ ಗುರುತು. ಎಂಟು ತಿಂಗಳು ತಾಯಿಯ ಪಕ್ಕದಲ್ಲಿ ಕೂತು, ಯಾರೂ ಕಲಿಸದೆ, ತನಗೆ ಬೇಕಾದ ಟಾಸ್ಕ್ ಅನಾಲಿಸಿಸ್ ತಾನೇ ಮಾಡಿಕೊಂಡಿದ್ದಳು. ನಾನು ಅದನ್ನು ಚೀಲದಲ್ಲಿ ಹಾಕಿ ಗಂಟು ಕಟ್ಟಿದ್ದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಮೊದಲ ದಿನ ಏಳನೆಯ ಹಂಪಿನ ಹತ್ತಿರ ನನಗೆ ಲೆಕ್ಕ ತಪ್ಪಿತು. ಎರಡನೆಯ ದಿನ ಒಂದು ಗುಂಡಿಯನ್ನು ಹಂಪ್ ಎಂದು ಎಣಿಸಿದೆ. ಮೂರನೆಯ ದಿನ ಹನ್ನೊಂದು ಸರಿಯಾಯಿತು. ಬಿ.ಎ., ಬಿ.ಎಡ್., ಮೇಲೊಂದು ಡಿಪ್ಲೊಮಾ ಆದವಳಿಗೆ ಮೂರು ದಿನ.

ತಾಯಿಗೆ ಹೇಳಿದೆ. "ಇವಳಿಗೆ ದಾರಿ ಗೊತ್ತಿತ್ತಾ ಹಾಗಾದ್ರೆ?" ಎಂದರು.

"ನಮಗಿಂತ ಚೆನ್ನಾಗಿ ಗೊತ್ತಿತ್ತು."

"ಮತ್ತೆ ಅವತ್ತು ಯಾಕ್ ಇಳೀಲಿಲ್ಲ?"

"ಡಬ್ಬಿ ಚೀಲದಲ್ಲಿ ಕಟ್ಟಿಟ್ಟವಳು ನಾನು. 'ಇಳಿ ತಂಗಿ' ಅನ್ನೋರನ್ನ ಕಾಯೋದು ಕಲಿಸಿದವಳೂ ನಾನೇ."

ಅಷ್ಟರಲ್ಲಿ ಅವಳು ಒಳಗಿನಿಂದ ಬಂದು, ಬಸ್ ಪಾಸನ್ನು ತಾಯಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದಳು. ತಾಯಿ ಆ ಪಾಸನ್ನು ನೋಡಿದರು, ನನ್ನನ್ನು ನೋಡಿದರು. "ಸೋಮವಾರದಿಂದ" ಎಂದರು.

ಆಗ ತೀರ್ಮಾನಿಸಿದೆ. ಯಾರ್‍ಯಾರಿಗೆ 'ನೋಡ್ಕೊಳ್ಳಿ' ಎಂದು ಹೇಳಿದ್ದೆನೋ ಅವರೆಲ್ಲರ ಬಳಿಗೂ ಹೋಗಿ ಆ ಮಾತನ್ನು ವಾಪಸು ತಗೊಳ್ಳಬೇಕು. ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದು. ನಮ್ಮಲ್ಲಿ ಸಹಾಯ ಮಾಡಿ ಎನ್ನುವುದು ಸುಲಭ, ಮಾಡಬೇಡಿ ಎಂದರೆ ಮುಖ ತಿರುಗಿಸಿದಂತೆ.

"ನಾನೆಂತ ತಪ್ಪು ಮಾಡ್ದೆ ಮೇಡಮ್ಮೋರೆ?" ಕಂಡಕ್ಟರನ ಮುಖ ಸಣ್ಣದಾಯಿತು. "ಒಂದಿನ ಮದ್ವೆಗೆ ಹೋದೆ. ಅದೂ ಸ್ವಂತ ಅಕ್ಕಂದು."

"ತಪ್ಪು ನಂದು ಮಾರಾಯ. ನೀನು ಇಳಿ ಅಂದ್ರೆ ಅವಳು ನಿನ್ನ ಬಾಯಿ ನೋಡ್ತಾಳೆ. ನೀನು ಇಲ್ದಿದ್ರೆ?"

"ಅವಳು ಸ್ಟಾಪ್ ಬಿಟ್ಟು ಮುಂದೆ ಹೋದ್ರೂ ಸುಮ್ನಿರ್ಬೇಕಾ?"

"ಸುಮ್ನಿರ್ಬೇಕು."

"ನನ್ ಹತ್ರ ಆಗಲ್ಲಪ್ಪ!" ಎಂದು ಅವನು ಡ್ರೈವರನ ಕಡೆ ತಿರುಗಿದ. ಡ್ರೈವರ್ ನಕ್ಕ. "ಇವ್ನ ಬಾಯಿಗೆ ಬೀಗ ಹಾಕೋದು ಇವ್ನ ಹೆಂಡ್ತಿ ಹತ್ರಾನೇ ಆಗ್ಲಿಲ್ಲ ಮೇಡಂ. ಬೇಕಾದ್ರೆ ಆ ಸ್ಟಾಪ್ ಬಂದಾಗ ಎಲೆಅಡಿಕೆ ಹಾಕ್ಕೊಳ್ಳೋಕೆ ಹೇಳಿ." ಕೊನೆಗೆ ಅದೇ ಉಪಾಯ ನಡೆಯಿತು. ಆಸ್ಪತ್ರೆ ಸ್ಟಾಪ್ ಹತ್ತಿರ ಬಂದಾಗಲೆಲ್ಲ ಅವನು ಬಾಯಿ ತುಂಬಾ ಕವಳ ತುಂಬಿಕೊಂಡು ನಿಲ್ಲುತ್ತಿದ್ದ. ಸೀಟಿಯನ್ನೂ ಮತ್ತೆ ಊದಲು ಹೇಳಿದೆ, ಎಲ್ಲ ಬಸ್ಸಿನಲ್ಲೂ ಇವನೇ ಇರುವುದಿಲ್ಲವಲ್ಲ. ಅವಳಿಗೆ ಕಿವಿ ಮುಚ್ಚುವ ದಪ್ಪ ಇಯರ್‌ಮಫ್ ತರಿಸಿಕೊಟ್ಟೆ. ಹೂವಿನ ಹೆಂಗಸು ಮಾತ್ರ ವಾರಗಟ್ಟಲೆ ನನ್ನ ಹತ್ತಿರ ಮುನಿಸಿಕೊಂಡರು. "ಪಾಪದ ಕೂಸಿನ ಕೈ ಹಿಡೀಬೇಡಿ ಅಂತಾರಲ್ಲ, ಎಂತ ಓದಿದಾರೋ ಏನೋ!" ಎಂದು ನನಗೆ ಕೇಳಿಸುವ ಹಾಗೆ ಪಕ್ಕದವರಿಗೆ ಹೇಳಿದರು.

ಆಮೇಲೆ ಮೊದಲು ಕಲಿಸದೇ ಬಿಟ್ಟಿದ್ದ ಪಾಠ, ದಾರಿ ತಪ್ಪುವ ಪಾಠ. "ಕಳ್ದುಹೋಗೋದು ಹೆಂಗೆ ಅಂತಾನೂ ಕಲಿಸ್ತೀರಾ?" ಎಂದು ತಾಯಿ ಹೌಹಾರಿದರು. ಹೌದು. ಅವಳ ಕೊರಳಿಗೊಂದು ಫೋನ್ ತೂಗುಹಾಕಿ, ಬೇಕೆಂದೇ ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಕರೆದೊಯ್ದೆ. ಇಂಜಿನ್ ಆಫ್ ಆಯಿತು, ಎಲ್ಲರೂ ಇಳಿದರು, ನೀನೂ ಇಳಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ಕೊರಳಿನ ಫೋನಿನಲ್ಲಿ ಯಜಮಾನರ ಫೋಟೋ ಒತ್ತು. ಅಲ್ಲೇ ಇರು. ಆರು ಸಲ ಮಾಡಿಸಿದೆ. ಆರನೆಯ ಸಲ ಯಜಮಾನರು ಫೋನಿನಲ್ಲಿ, "ಮತ್ತೆ ಕಳ್ದು ಹೋದ್ಯೇನೇ? ಉಜ್ಜೋದ್ ಬೇಕಾದಷ್ಟು ಉಂಟು, ಬೇಗ ಬಾ" ಎಂದು ಗದರಿದರು. ಅವಳು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗ.

ಕೊನೆಯದು ನಾನು ಮರೆಯಾಗುವುದು. ಮೊದಲು ಅವಳ ಪಕ್ಕ, ಆಮೇಲೆ ಎರಡು ಸೀಟು ಹಿಂದೆ, ಆಮೇಲೆ ಕೊನೆಯ ಸಾಲು. ಅವಳು ಪದೇ ಪದೇ ಹಿಂದೆ ತಿರುಗಿ ನನ್ನನ್ನು ಹುಡುಕುತ್ತಿದ್ದಳು. ಅದಕ್ಕೊಂದು ನಿಯಮ ಮಾಡಿದೆ. ಬಸ್ ಹತ್ತುವ ಮುಂಚೆ ಇಬ್ಬರೂ ಒಟ್ಟಿಗೆ ಹೇಳಬೇಕು: "ಬಸ್ಸಲ್ಲಿ ಟೀಚರ್ ಇಲ್ಲ." ಅವಳು ನನ್ನ ಕಣ್ಣು ನೋಡದೆ, ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು. ಹದಿನೈದು ದಿನದಲ್ಲಿ ತಿರುಗಿ ನೋಡುವುದು ನಿಂತಿತು.

ಸೆಪ್ಟೆಂಬರಿನ ಕೊನೆ. ತಾಯಿ ಶಿವಮೊಗ್ಗಕ್ಕೆ ಹೋಗಲು ಒಂದು ವಾರ ಉಳಿದಿತ್ತು. ಕೊನೆಯ ಪರೀಕ್ಷೆಯೆಂದು ನಾನು ಅವಳಿಗೆ ತಿಳಿಯದಂತೆ ಹಿಂದಿನ ಸ್ಟಾಪಿನಲ್ಲೇ ಹತ್ತಿ, ತಲೆಗೆ ಸೆರಗು ಹೊದ್ದು, ಕೊನೆಯ ಸಾಲಿನ ಮೂಲೆಯಲ್ಲಿ ಕೂತಿದ್ದೆ. ಜಡಿಮಳೆ, ಶಟರ್ ಎಲ್ಲ ಕೆಳಗೆ. ಅವಳು ಹತ್ತಿದಳು, ಕೂತಳು, ಡಬ್ಬಿ ತೊಡೆಗೆ ಬಂತು. ಟಿಣ್. ನನ್ನ ಬೆರಳೂ ಮಡಚಿಕೊಳ್ಳುತ್ತಾ ಬಂತು. ಆರು, ಏಳು, ಎಂಟು.

ಎಂಟರ ಬಳಿಕ ಒಂದು ನಿಮಿಷವೂ ಆಗಿರಲಿಲ್ಲ, ಬಸ್ ಮತ್ತೆ ಮೂಗು ಎತ್ತಿ ಧೊಪ್ ಎಂದಿತು. ಅಲ್ಲಿ ಹಂಪ್ ಇರಲಿಲ್ಲ! ಮುಂದಿನ ಸೀಟಿನವರು, "ನಿನ್ನೆ ಸಂಜೆ ಹಾಕಿದಾರೆ ಮಾರಾಯ್ರೆ, ಬಣ್ಣಾನೂ ಬಳ್ದಿಲ್ಲ, ಸೊಂಟ ಹೋಯ್ತು" ಎಂದು ಬೈದುಕೊಂಡರು. ಇದನ್ನೂ ಎಣಿಸಿದರೆ ಅವಳ ಹನ್ನೊಂದು ಒಂದು ಹಂಪ್ ಮೊದಲೇ ಬರುತ್ತದೆ. ಊರ ಹೊರಗೆ, ಮಳೆಯಲ್ಲಿ, ಗುರುತಿಲ್ಲದ ಜಾಗದಲ್ಲಿ ಇಳಿದುಬಿಡುತ್ತಾಳೆ. ಅಲ್ಲಿ ಬಸ್‌ಸ್ಟ್ಯಾಂಡಿಲ್ಲ, ಗೋಡೆಯಿಲ್ಲ. ಆ ಪಾಠವನ್ನು ನಾನು ಮಾಡಿಲ್ಲ. ಅರ್ಧ ಎದ್ದೆ. ಮುಂದೆ ನಿಂತಿದ್ದ ಕಂಡಕ್ಟರ್ ನನ್ನನ್ನು ಗುರುತು ಹಿಡಿದ. ಅವನಿಗೂ ವಿಷಯ ಹೊಳೆದಿತ್ತು. ಹೇಳಲಾ ಎಂಬಂತೆ ಹುಬ್ಬು ಹಾರಿಸಿದ.

ನಾನು ಬೇಡವೆಂದು ತಲೆಯಾಡಿಸಿ, ಮುಂದಿನ ಸೀಟಿನ ಕಂಬಿ ಹಿಡಿದು ಕೂತೆ. ಅಷ್ಟು ಗಟ್ಟಿಯಾಗಿ ನಾನು ಯಾವುದನ್ನೂ ಹಿಡಿದದ್ದಿಲ್ಲ. ಅವಳು ತಪ್ಪು ಕಡೆ ಇಳಿದರೆ ಹಿಂದೆಯೇ ಇಳಿಯಲು ನಾನಿದ್ದೆ, ಅಷ್ಟು ಧೈರ್ಯ. ಆದರೆ ಇವತ್ತು ಹೇಳಿಬಿಟ್ಟರೆ ಮುಂದಿನ ವಾರ ಹೇಳುವವರು ಯಾರು?

ಅವಳು ಇಯರ್‌ಮಫ್ ಹಾಕಿದ ತಲೆಯನ್ನು ಸ್ವಲ್ಪ ಓರೆ ಮಾಡಿದಳು. ಬೆರಳು ಡಬ್ಬಿಯ ಮೇಲೆ ಎತ್ತಿದ್ದು ಹಾಗೇ ನಿಂತಿತು. ಆಮೇಲೆ ಕೈಯನ್ನು ಮುಷ್ಟಿ ಮಾಡಿ, ಗೆಣ್ಣಿನಿಂದ ಮುಚ್ಚಳಕ್ಕೆ ಒಮ್ಮೆ ಕುಟ್ಟಿದಳು.

ಡಬ್.

ಬೇರೆಯೇ ಸದ್ದು. ಅದುವರೆಗೆ ನಾನು ಕೇಳದ ಸದ್ದು. ಮುಂದಿನ ಹಂಪಿಗೆ ಮತ್ತೆ ಉಗುರು, ಟಿಣ್. ಒಂಬತ್ತು. ಸ್ವಲ್ಪ ದೂರಕ್ಕೆ ಹತ್ತು. ಇದು ಅವಳಿಗೆ ಹನ್ನೊಂದೋ ಹತ್ತೋ? ಅವಳು ಅಲ್ಲಾಡಲಿಲ್ಲ. ಪೆಟ್ರೋಲ್ ಬಂಕಿನ ತಿರುವು ಕಳೆಯಿತು. ಟಿಣ್. ಹನ್ನೊಂದು. ಡಬ್ಬಿಯನ್ನು ಕೈಗೆತ್ತಿಕೊಂಡಳು, ಎದ್ದಳು, ಎಡಕ್ಕೆ ಎರಡು ಹೆಜ್ಜೆ, ಕಂಬಿ. ಬಸ್ ಆಸ್ಪತ್ರೆ ಸ್ಟಾಪಿನಲ್ಲಿ ನಿಂತಿತು. ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ ಕಂಡಕ್ಟರ್ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅವಳು ಇಳಿದು, ಕೊಡೆ ಬಿಡಿಸಿ, ಶೆಡ್ಡಿನ ಕಡೆ ಹೋದಳು.

ಕಂಡಕ್ಟರ್ ಕಿಟಕಿಯಾಚೆ ಉಗಿದು ಬಂದು, "ಪಾಸಾದ್ಲಾ ಮೇಡಮ್ಮೋರೆ?" ಎಂದ. ಹೌದೆಂದು ತಲೆಯಾಡಿಸಿದೆ. ಬಸ್‌ಸ್ಟ್ಯಾಂಡಿನವರೆಗೂ ಹಾಗೇ ಹೋದೆ, ಇಳಿಯುವುದು ಮರೆತು. ಇಂಜಿನ್ ಆಫ್ ಆದ ಮೇಲೆ ಇಳಿದೆ.

ದಸರಾ ಕಳೆದು ತಾಯಿಯ ಆಪರೇಷನ್ ಆಯಿತು. ಮನೆಗೆ ಚಿಕ್ಕಮ್ಮ ಬಂದಿದ್ದರು. ಆಸ್ಪತ್ರೆಯ ಮಂಚದ ಮೇಲಿಂದ ತಾಯಿ ದಿನವೂ ಒಂಬತ್ತು ಕಾಲಿಗೆ ನನಗೆ ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆ ಕಳಿಸುತ್ತಿದ್ದರು, "ಮುಟ್ಟಿದ್ಲಾ?" ನಾನು ಯಜಮಾನರನ್ನು ಕೇಳಿ, ಮುಟ್ಟಿದ್ಲು ಎಂದು ಉತ್ತರಿಸುತ್ತಿದ್ದೆ. ಒಂದು ತಿಂಗಳ ಮೇಲೆ ಆ ಪ್ರಶ್ನೆ ಬರುವುದು ನಿಂತಿತು. ಆ ಹಾಳೆಗಳನ್ನು ಸೆಂಟರಿನ ಫೈಲಿಗೆ ಸೇರಿಸುವಾಗ, 'ರಿಪಿಟಿಟಿವ್ ಟ್ಯಾಪಿಂಗ್' ಎಂಬ ಸಾಲನ್ನು ಹೊಡೆದುಹಾಕಿ, ಮೇಲೆ 'ದಾರಿ ಲೆಕ್ಕ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ನನ್ನ ಹಿಂದೆ ಬಂದವರು ನೋಡಲಿ ಎಂದು ಹಳೆಯ ಸಾಲನ್ನು ಪೂರ್ತಿ ಅಳಿಸಲಿಲ್ಲ.

ಈಗ ನಾನು ತೀರ್ಥಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದೇನೆ. ಮಂಡಿಗಳು ನನ್ನವೂ ಹೋದವು. ಸಾಗರಕ್ಕೆ ಹೋಗುವುದು ವರ್ಷಕ್ಕೊಮ್ಮೆ, ಅದೂ ಯಾರಾದರೂ ತೀರಿಕೊಂಡರೆ. ಹೋದ ಮಳೆಗಾಲದಲ್ಲಿ ಹಾಗೆಯೇ ಒಂದು ಬೆಳಿಗ್ಗೆ ಹೊಸನಗರದಲ್ಲಿ ಬಸ್ ಬದಲಿಸಿ ಕೂತಿದ್ದೆ. ಕಂಡಕ್ಟರ್ ಹೊಸಬ. ಬಾಗಿಲ ಬಳಿಯ ಸೀಟಿನಲ್ಲಿ ಹೂವಿನ ಬುಟ್ಟಿಗಳ ಪಕ್ಕ ಅದೇ ಹೆಂಗಸು, ತಲೆ ಪೂರ್ತಿ ಬೆಳ್ಳಗಾಗಿತ್ತು.

ಎಂಟು ನಲವತ್ತಕ್ಕೆ ಅವಳು ಹತ್ತಿದಳು. ಸ್ವಲ್ಪ ದಪ್ಪಗಾಗಿದ್ದಳು. ಅದೇ ಇಯರ್‌ಮಫ್, ಒಂದು ಕಡೆಗೆ ಬಟ್ಟೆಯ ತೇಪೆ. ನಾನು ಕೂತಿದ್ದ ಸಾಲನ್ನು ದಾಟಿ ತನ್ನ ಸೀಟಿಗೆ ಹೋದಳು. ನನ್ನನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಹೆಸರು ಹಿಡಿದು ಕರೆಯೋಣವೆಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಶಟರ್ ಬಿದ್ದವು. ನನ್ನ ಮಂದ ಕಿವಿಗೂ ಅದು ತಲುಪಿತು. ಟಿಣ್. ಎಂಟರ ಬಳಿಕ, ಡಬ್. ಆ ಹಂಪಿಗೆ ಬಣ್ಣ ಬಳಿದು ಎಷ್ಟೋ ವರ್ಷವಾಗಿ ಆ ಬಣ್ಣವೂ ಹೋಗಿದೆ, ಅವಳ ಲೆಕ್ಕದಲ್ಲಿ ಅದಿನ್ನೂ ಹೊಸತು.

ಹನ್ನೊಂದಕ್ಕೆ ಎದ್ದಳು. ಅವಳ ಪಕ್ಕ ಕೂತಿದ್ದ ಒಬ್ಬರು, "ಒಬ್ಳೇ ಇದೀಯಲ್ಲಮ್ಮ, ತಡಿ ತಡಿ, ಬಿದ್ದೀಯಾ" ಎಂದು ತೋಳು ಹಿಡಿಯಲು ಕೈ ಚಾಚಿದರು. ಹೂವಿನ ಹೆಂಗಸು ಬುಟ್ಟಿಯ ಮೇಲಿಂದಲೇ ಗುಡುಗಿದರು:

"ಮುಟ್ಬೇಡ್ರೀ! ಅವಳ ಸ್ಟಾಪು ಅವಳಿಗೆ ಗೊತ್ತು."

ಅವಳು ಬಾಗಿಲಿನ ಕಡೆ ಬರುತ್ತಾ ನನ್ನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತಳು. ಬಸ್ ನಿಧಾನಿಸುತ್ತಿತ್ತು. ಅವಳ ಬೆರಳ ತುದಿಗಳಲ್ಲಿ ಮರದ ಪುಡಿಯ ಬಣ್ಣ ಹತ್ತಿತ್ತು. ನನ್ನ ಕಡೆ ತಿರುಗದೆ, ಮುಚ್ಚಿದ ಶಟರನ್ನು ನೋಡುತ್ತಾ, ಹಳೆಯ ಪಾಠ ಒಪ್ಪಿಸುವ ಅದೇ ದನಿಯಲ್ಲಿ ಹೇಳಿದಳು:

"ಬಸ್ಸಲ್ಲಿ ಟೀಚರ್ ಇಲ್ಲ."

"ಇಲ್ಲ" ಎಂದೆ.

ಬಸ್ ಪೂರ್ತಿ ನಿಂತ ಮೇಲೆ ಇಳಿದಳು. ಹೊಸ ಕಂಡಕ್ಟರ್ ಜೋರಾಗಿ ಎರಡು ಸೀಟಿ ಊದಿದ. ಬಾಗಿಲಿನ ಸಂದಿಯಿಂದ ಅವಳ ಕಪ್ಪು ಕೊಡೆ ಬಿಚ್ಚಿಕೊಂಡದ್ದು ಕಂಡಿತು, ಮತ್ತೆ ಬಸ್ ಮುಂದೆ ಹೋಯಿತು.